ನಾಲ್ಕು ಸಾವಿರದ ಹನ್ನೊಂದನೇ ಕಂಬ

ಪ್ರೀತಿ ಉಕ್ಕಿ ಬಂದರೆ ಕೆಲವರು ಊಟಕ್ಕೆ ಕರೆಯುತ್ತಾರೆ, ಕೆಲವರು ಅಂಗಿ ಹೊಲಿಸಿ ಕೊಡುತ್ತಾರೆ. ಲೈಟಪ್ಪ ಕಂಬ ನೆಡಿಸಿದ. ಅವನು ಮಾಡಿದ ತಪ್ಪು ಇಷ್ಟೇ. ಆದರೆ ಈ ‘ಇಷ್ಟೇ’ ಇಪ್ಪತ್ತೆರಡು ಅಡಿ ಎತ್ತರವಿತ್ತು, ಅದರ ತುದಿಯಲ್ಲಿ ತೊಂಬತ್ತು ವ್ಯಾಟಿನ ದೀಪ ಉರಿಯುತ್ತಿತ್ತು. ಅದು ಉರಿಯತೊಡಗಿದ ದಿನದಿಂದ ಮನೆಯಲ್ಲಿ ಮಾವ ಮಾತು ಬಿಟ್ಟಿದ್ದರು.

ಲೈಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರೇನೂ ಅಲ್ಲ. ಸಮುದ್ರದಂಚಿನ ಆ ನಗರದಲ್ಲಿ ಬೀದಿದೀಪಗಳ ಸೂಪರ್‌ವೈಸರ್ ಆಗಿ ಹದಿನೆಂಟು ವರ್ಷ ತಿರುಗಿದವನನ್ನು ಜನ ಇನ್ನೇನೆಂದು ಕರೆದಾರು? ಯಾವ ಓಣಿಯ ಯಾವ ಕಂಬದ ದೀಪವನ್ನು ಯಾವಾಗ ಬದಲಾಯಿಸಿದ್ದು ಎಂಬುದು ಅವನಿಗೆ ಬಾಯಿಪಾಠ. ಯಾರಾದರೂ ವಿಳಾಸ ಕೇಳಿದರೆ ಕಂಬದ ನಂಬರು ಹೇಳಿ ಅವರ ತಲೆ ಕೆಡಿಸುತ್ತಿದ್ದ. ಕತ್ತಲೆ ಎಂದರೆ ಅವನ ಪಾಲಿಗೆ ಒಂದೇ ಅರ್ಥ, ದೂರು. ಎಲ್ಲೋ ಕತ್ತಲಿದೆ ಎಂದರೆ ಇನ್ನು ಹತ್ತು ನಿಮಿಷದಲ್ಲಿ ಯಾರೋ ಫೋನ್ ಮಾಡಿ ಬೈಯುತ್ತಾರೆ ಎಂದೇ ಅರ್ಥ. ಹಾಗಾಗಿ ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಪ್ರಾಣಿ. ಊಟಕ್ಕೆ ಕೂತರೂ ಬಲಗಾಲು ಹೊಲಿಗೆ ಮೆಷಿನ್ ತುಳಿದಂತೆ ಅಲ್ಲಾಡುತ್ತಿತ್ತು, ಮೇಜಿನ ಮೇಲಿನ ಲೋಟದಲ್ಲಿ ನೀರು ಕುಣಿಯುತ್ತಿತ್ತು.

ಮಾವ ಅದಕ್ಕೆ ಪೂರ್ತಿ ತದ್ವಿರುದ್ಧ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ತಿರುಪನ್ನು ಕೂರಿಸಿ ಬದುಕಿದವರಿಗೆ ಅಲ್ಲಾಡದೆ ಕೂರುವುದೇ ಕಸುಬು. ಅತ್ತೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಪಕ್ಕದ ಓಣಿಯಿಂದ ಮಗಳ ಮನೆಯ ಹಿಂದಿನ ಕೋಣೆಗೆ ಬಂದು ಇದ್ದರು. ಹದಿನಾಲ್ಕು ವರ್ಷದ ಸಂಬಂಧದಲ್ಲಿ ಅಳಿಯನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ. ‘ಅಳಿಯಂದ್ರೇ, ಉಪ್ಪು ಕೊಡ್ತೀರಾ’, ‘ಅಳಿಯಂದ್ರೇ, ಪೇಪರ್ ಓದಿ ಆಯ್ತಾ’, ಮುಗಿಯಿತು. ಮರ್ಯಾದೆಗೇನೂ ಕೊರತೆಯಿರಲಿಲ್ಲ. ಆದರೆ ಆ ಮರ್ಯಾದೆಯ ಆಚೆಗೆ ಲೈಟಪ್ಪನಿಗೆ ಒಂದು ದಿನವೂ ಪ್ರವೇಶ ಸಿಕ್ಕಿರಲಿಲ್ಲ.

ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಓಣಿ ಮುಗಿದು ಸಮುದ್ರ ಶುರುವಾಗುವಲ್ಲಿ, ಮಳೆನೀರನ್ನು ಕಡಲಿಗೆ ದಬ್ಬುವ ಹಳೆಯ ಪಂಪ್‌ಹೌಸ್ ಇತ್ತು. ಅದರ ಮಗ್ಗುಲಲ್ಲೇ ಒಂದು ದೊಡ್ಡ ಬಂಡೆ, ಬಂಡೆಗೆ ಹತ್ತಲು ಏಳು ಕಲ್ಲಿನ ಮೆಟ್ಟಿಲು. ಸಂಜೆ ಕತ್ತಲಾದ ಮೇಲೆ ಮಾವ ದಿನವೂ ಅಲ್ಲಿಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದರು. ‘ನಕ್ಷತ್ರ ನೋಡೋಕೆ’ ಎಂದು ಹೆಂಡತಿ ಹೇಳಿದ್ದಳು. ವಯಸ್ಸಾದವರು ಗಾಳಿಗೆ ಹೋಗುವುದಕ್ಕೂ ಒಂದು ನೆಪ ಬೇಕಲ್ಲ ಎಂದುಕೊಂಡು ಲೈಟಪ್ಪ ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಒಂದು ಸಂಜೆ ಮಾವ ಆ ಮೆಟ್ಟಿಲಿನ ಪಾಚಿಯ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಆರು ವಾರ ಪ್ಲಾಸ್ಟರ್. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ ಲೈಟಪ್ಪನಿಗೆ ಒಂದೇ ಯೋಚನೆ. ಊರಿಗೆಲ್ಲ ಬೆಳಕು ಕೊಡುವವನ ಮನೆಯ ಹಿರಿಯರು ಕತ್ತಲಲ್ಲಿ ಎಡವಿ ಬೀಳುವುದೆಂದರೇನು! ಮರುದಿನವೇ ಅರ್ಜಿ ಬರೆದ. ವರ್ಷಗಟ್ಟಲೆ ನಿದ್ದೆ ಮಾಡುವ ಫೈಲು ಹನ್ನೆರಡೇ ದಿನದಲ್ಲಿ ಆರು ಮೇಜು ದಾಟಿ ಬಂತು. ಬಂಡೆಯ ಪಕ್ಕದಲ್ಲಿ ಕಂಬ ಎದ್ದಿತು, ನಂಬರು ನಾಲ್ಕು ಸಾವಿರದ ಹನ್ನೊಂದು. ಬೆಳಕು ಮೆಟ್ಟಿಲಿನ ಮೂಲೆಮೂಲೆಗೂ ಬೀಳಲಿ ಎಂದು ದೀಪದ ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ತಾನೇ ನಿಂತು ಬಿಗಿಸಿದ.

ಮೊದಲ ಸಂಜೆ ಮಾವನನ್ನು ಕೈಹಿಡಿದು ಕರೆದುಕೊಂಡು ಹೋದ. ‘ಕಣ್ಣು ಮುಚ್ಕೊಳ್ಳಿ ಮಾವ’ ಎಂದು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿ, ಸ್ವಿಚ್ ಒತ್ತಿದ.

ಮಾವ ಕಣ್ಣು ತೆರೆದರು. ದೀಪ ನೋಡಿದರು. ಆಮೇಲೆ ಮೇಲೆ ನೋಡಿದರು. ಮತ್ತೆ ದೀಪ ನೋಡಿದರು.

‘ಚೆನ್ನಾಗಿದೆ ಅಳಿಯಂದ್ರೇ’ ಎಂದರು. ‘ಇನ್ನು ಯಾರೂ ಬೀಳಲ್ಲ.’

ಹಾಗೆಂದವರು ಮನೆಗೆ ಬಂದು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಮರುದಿನ ಸಂಜೆ ಹೊರಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಕೈ ನೋವಿರಬೇಕು ಎಂದುಕೊಂಡ ಲೈಟಪ್ಪ ನೋವಿನ ಮಾತ್ರೆ ತಂದುಕೊಟ್ಟ. ನಾಲ್ಕನೇ ದಿನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಯನ್ನು ಕುಕ್ಕಿ ಇಟ್ಟ ಸದ್ದಿಗೇ ಅವನಿಗೆ ಗೊತ್ತಾಯಿತು, ಈ ಸಿಟ್ಟು ಪಾತ್ರೆಯ ಮೇಲಿನದಲ್ಲ.

‘ರೀ, ಒಂದು ಮಾತು ಕೇಳ್ಬಾರ್ದಿತ್ತಾ? ಕಂಬ ಹಾಕೋ ಮುಂಚೆ ಒಂದೇ ಒಂದು ಮಾತು?’

‘ಅವರು ಬೀಳ್ಬಾರ್ದು ಅಂತ ತಾನೇ ಹಾಕ್ಸಿದ್ದು!’

‘ಬನ್ನಿ ಇಲ್ಲಿ’ ಎಂದು ಅವಳು ಅಪ್ಪನ ಕೋಣೆಯಿಂದ ಒಂದು ದಪ್ಪ ಪುಸ್ತಕ ತಂದು ಅವನ ಮುಂದೆ ಹಿಡಿದಳು. ಮಾವ ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋಗಿದ್ದ ಹೊತ್ತು.

ಪುಸ್ತಕದ ಪುಟಪುಟಕ್ಕೂ ತಾರೀಕು, ಅದರ ಮುಂದೆ ಎರಡು ಕಾಲಂ. ಎಡಗಡೆಯದು ಮಾವನ ಇರುವೆ ಸಾಲಿನಂಥ ಅಕ್ಷರ. ಬಲಗಡೆಯದು ಅತ್ತೆಯದು, ದುಂಡಗೆ. ಒಂದೇ ಒಂದು ನಕ್ಷತ್ರದ ಲೆಕ್ಕವಂತೆ. ಕೆಂಪು ನಕ್ಷತ್ರ. ಅದು ಹನ್ನೊಂದು ತಿಂಗಳಿಗೊಮ್ಮೆ ಬರುತ್ತದೆ. ಕೆಲವು ವಾರ ಬರಿಗಣ್ಣಿಗೆ ಕಾಣುತ್ತದೆ, ಆಮೇಲೆ ಮಂಕಾಗುತ್ತಾ ಆಗುತ್ತಾ ಇಲ್ಲವಾಗುತ್ತದೆ. ಅಲ್ಲೇ ಇರುತ್ತದಂತೆ, ಕಾಣುವುದಿಲ್ಲ ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಅದು ಇಪ್ಪತ್ತೈದು ಸಲ ಮರಳಿ ಬಂದದ್ದನ್ನು ಗಂಡಹೆಂಡತಿ ಅದೇ ಬಂಡೆಯ ಮೇಲೆ ಕೂತು ಬರೆದಿಟ್ಟಿದ್ದರು. ನಡುವೆ ಕೆಲವು ಕಡೆ ‘ಸೂರ್ಯ ಅಡ್ಡ’ ಎಂದು ಬರೆದು ಬಿಟ್ಟಿತ್ತು, ಆ ವರ್ಷಗಳಲ್ಲಿ ನಕ್ಷತ್ರ ಬಂದದ್ದು ಸೂರ್ಯನ ಬೆನ್ನ ಹಿಂದೆ.

‘ಇಬ್ಬರೂ ಬೇರೆಬೇರೆ ಚೀಟಿಯಲ್ಲಿ ಬರೀತಿದ್ರು’ ಎಂದಳು ಹೆಂಡತಿ. ‘ಒಬ್ಬರದ್ದು ಒಬ್ಬರಿಗೆ ತೋರಿಸ್ತಿರ್ಲಿಲ್ಲ. ಇನ್ನೊಬ್ಬರು ಏನಂದ್ರು ಅಂತ ಗೊತ್ತಾದ್ರೆ ನಮ್ಮ ಕಣ್ಣೂ ಹಾಗೇ ಹೇಳುತ್ತಂತೆ. ಬರೆದು ಮಡಚಿ, ಆಮೇಲೆ ಬಿಚ್ಚಿ ನೋಡೋದು. ಅಮ್ಮ ಸಾಯೋ ತನಕ ಹಾಗೇ.’

ಕೊನೆಯ ಪುಟಗಳಲ್ಲಿ ಬಲಗಡೆಯ ಕಾಲಂ ಖಾಲಿ. ಅತ್ತೆ ಹೋದ ಮೇಲಿನ ಮೂರು ಬರವುಗಳನ್ನು ಮಾವ ಒಬ್ಬರೇ ಬರೆದಿದ್ದರು. ಆದರೂ ಪ್ರತಿ ಪುಟಕ್ಕೂ ಗೆರೆ ಎಳೆದು ಆ ಕಾಲಂ ಮಾಡಿ ಬಿಟ್ಟಿದ್ದರು.

‘ಇನ್ನು ಒಂದು ತಿಂಗಳಿಗೆ ಬರ್ಬೇಕು ಅದು. ನಿಮ್ಮ ದೀಪದ ಕೆಳಗೆ ಏನು ಕಾಣುತ್ತೆ? ಈ ಸಲ ತಪ್ಪಿದ್ರೆ ಪುಸ್ತಕ ಮುಚ್ತೀನಿ ಅಂದ್ರು ಅಪ್ಪ ನಿನ್ನೆ. ರೀ, ಅವರಿಗೆ ಬೆಳಿಗ್ಗೆ ಏಳೋದಕ್ಕೆ ಇರೋದೇ ಅದೊಂದು ಕಾರಣ.’ ಅವಳ ಕಣ್ಣು ತುಂಬಿತ್ತು.

ಲೈಟಪ್ಪನ ಕಾಲು ಹದಿನೆಂಟು ವರ್ಷದಲ್ಲಿ ಮೊದಲ ಸಲ ತಾನಾಗಿ ನಿಂತಿತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆ ಸಂಜೆಯೇ ದೀಪ ಬಿಚ್ಚಿಬಿಡುತ್ತೇನೆಂದು ಸ್ಪಾನರ್ ಹಿಡಿದು ಹೋದ. ಹೋದರೆ, ಕಂಬದ ಕೆಳಗೆ ಒಂದು ಊರೇ ಕೂತಿತ್ತು. ಬಲೆ ಹೆಣೆಯುವ ಮುದುಕರು ಬಲೆ ಹರಡಿಕೊಂಡಿದ್ದರು. ಮೀನು ವಿಂಗಡಿಸುವ ಶೆಡ್ಡಿನಿಂದ ಕೆಲಸ ಮುಗಿಸಿ ಬರುವ ಹೆಂಗಸರು ಮುಂಚೆ ದೊಡ್ಡ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದವರು, ಈಗ ಇಲ್ಲಿಂದಲೇ ಹಾಯುತ್ತಿದ್ದರು. ಅವರಲ್ಲೊಬ್ಬಳು ನಿಂತು, ‘ಅಣ್ಣಾ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಇಷ್ಟು ವರ್ಷಕ್ಕೆ ಈ ಹಾದೀಲಿ ಎದೆ ಹೊಡ್ಕೊಳ್ದೆ ನಡೆದೆ’ ಎಂದಳು. ಲೈಟಪ್ಪ ಸ್ಪಾನರನ್ನು ಬೆನ್ನ ಹಿಂದೆ ಹಿಡಿದುಕೊಂಡ. ಹೊಗಳಿಕೆ ಕೇಳಿ ಇಷ್ಟು ಸಂಕಟಪಟ್ಟವನು ಆ ಇಲಾಖೆಯಲ್ಲಿ ಇನ್ನೊಬ್ಬನಿರಲಾರ.

ಕಂಬ ಕದಲುವಂತಿರಲಿಲ್ಲ. ಹಾಗಾದರೆ ಮಾವನಿಗೇ ಬೇರೆ ಕತ್ತಲು ಹುಡುಕಬೇಕು. ಹುಡುಕುವುದೇನು ಮಹಾ, ಕಂಬವಿಲ್ಲದ ಜಾಗ ಯಾವುದೆಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡ. ಕಚೇರಿಯ ಗೋಡೆಯ ಮೇಲೆ ನಗರದ ಕಂಬಗಳ ನಕ್ಷೆಯಿತ್ತು. ಚುಕ್ಕೆಯಿಲ್ಲದ ಕಡೆಗಳಿಗೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡ. ಪುಸ್ತಕದ ಕೊನೆಯ ಹಾಳೆಯಲ್ಲಿ ಅತ್ತೆ ಬರೆದಿದ್ದ ಚಿತ್ರವೊಂದನ್ನು ಕದ್ದು ನಕಲು ಮಾಡಿಕೊಂಡ. ಬಗ್ಗಿದ ಚಮಚದಂತೆ ಐದಾರು ನಕ್ಷತ್ರ, ನಡುವೆ ಕೆಂಪು ನಕ್ಷತ್ರ ಬರಬೇಕಾದ ಜಾಗಕ್ಕೆ ಒಂದು ಖಾಲಿ ಸೊನ್ನೆ, ಅದರ ಆಚೀಚೆ ಎರಡು ಪುಟ್ಟ ಚುಕ್ಕೆ. ಹೊಲಿಗೆ ಕಲಿಸುತ್ತಿದ್ದ ಅತ್ತೆ ಆ ಚುಕ್ಕೆಗಳಿಗೆ ಹೆಸರಿಟ್ಟಿದ್ದರು. ದೊಡ್ಡದು ಗುಂಡಿ, ಮಂಕಾದದ್ದು ಸೂಜಿ. ಸೂಜಿ ಕಂಡರೆ ಜಾಗ ಪಾಸು, ಕಾಣದಿದ್ದರೆ ಫೇಲು ಎಂದು ಲೈಟಪ್ಪ ತನಗೆ ತಾನೇ ನಿಯಮ ಮಾಡಿಕೊಂಡ.

ಅಲ್ಲಿಂದ ಶುರುವಾಯಿತು ಅಲೆದಾಟ. ಕೆಲಸ ಮುಗಿಸಿ ಮನೆಗೆ ಬಂದು, ನಿಂತ ಕಾಲಲ್ಲೇ ಎರಡು ತುತ್ತು ತಿಂದು ಸ್ಕೂಟರ್ ಹತ್ತುತ್ತಿದ್ದ. ತೆಂಕಣ ಮರಳದಂಡೆಗೆ ಹೋದರೆ, ನಕ್ಷೆಯಲ್ಲಿ ಚುಕ್ಕೆಯೇ ಇಲ್ಲದ ಕಡೆ ಹೊಸ ಹೋಟೆಲಿನವರು ಹುಲ್ಲಿಗೆ, ಮರಕ್ಕೆ, ಕೊನೆಗೆ ಕಲ್ಲಿಗೂ ಹಸಿರು ದೀಪ ಹಾಕಿದ್ದರು. ಸೂಜಿಯಿರಲಿ, ಚಮಚವೇ ಕಾಣಲಿಲ್ಲ. ನೀರಿನ ಟ್ಯಾಂಕಿನ ಗುಡ್ಡ ಹತ್ತಿದ. ಅಲ್ಲಿ ಕತ್ತಲಿತ್ತು ನಿಜ, ಆದರೆ ಕೆಳಗೆ ಅವನ ನಗರ ಹರಡಿಕೊಂಡು ಆಕಾಶದ ಅಂಚನ್ನೆಲ್ಲ ಹಳದಿ ಮಾಡಿತ್ತು. ನಾಲ್ಕು ಸಾವಿರದ ಹನ್ನೊಂದು ಕಂಬ! ಮುಂಚೆಯಾದರೆ ಆ ನೋಟಕ್ಕೆ ಎದೆಯುಬ್ಬಿಸಿಕೊಂಡು ನಿಲ್ಲುತ್ತಿದ್ದ. ಈಗ ಒಂದೊಂದು ದೀಪವೂ ತನ್ನ ಕಡೆಗೇ ಬೆರಳು ತೋರಿಸಿದ ಹಾಗೆ ಅನ್ನಿಸಿ ಹೆಲ್ಮೆಟ್ ಹಾಕಿಕೊಂಡು ಇಳಿದುಬಿಟ್ಟ. ಹಾಳು ಬಿದ್ದ ಇಟ್ಟಿಗೆ ಭಟ್ಟಿಗೆ ಹೋದ, ನಾಯಿ ಅಟ್ಟಿಸಿಕೊಂಡು ಬಂತು. ರಾತ್ರಿ ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಇಪ್ಪತ್ತಾರು ದಿನ, ಇಪ್ಪತ್ತೈದು ದಿನ ಎಂದು ಎಣಿಸುತ್ತ ಹೊರಳುತ್ತಿದ್ದ.

‘ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ಒಂದು ದಿನ ಸುಮ್ನೆ ಮನೇಲಿರಿ’ ಎನ್ನುತ್ತಿದ್ದಳು ಹೆಂಡತಿ. ಬೈಗುಳದಲ್ಲಿ ಈಗ ಮೊದಲಿನ ಖಾರ ಇರಲಿಲ್ಲ.

ಅಮಾವಾಸ್ಯೆಯ ದಿನ ಅವನಿಗೆ ಖಾತ್ರಿಯಾಗಿ ಗೆದ್ದೆ ಅನ್ನಿಸಿತು. ಬಂದರಿನ ಆಚೆ ಸಮುದ್ರದೊಳಕ್ಕೆ ಎರಡು ಕಿಲೋಮೀಟರ್ ಚಾಚಿಕೊಂಡ ಕಲ್ಲಿನ ತಡೆಗೋಡೆ. ಅದರ ಮೇಲೆ ಒಂದೇ ಒಂದು ಕಂಬವಿಲ್ಲ ಎಂಬುದಕ್ಕೆ ಅವನೇ ಸಾಕ್ಷಿ, ಎರಡು ಸಲ ಅಲ್ಲಿಗೆ ದೀಪ ಕೇಳಿ ಬಂದಿದ್ದ ಅರ್ಜಿಯನ್ನು ಅವನೇ ತಿರಸ್ಕರಿಸಿದ್ದ. ಚಂದ್ರನೂ ಇಲ್ಲ, ಕಂಬವೂ ಇಲ್ಲ. ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ, ಮೊಣಕಾಲು ತರಚಿಕೊಂಡು, ಅರ್ಧ ಗಂಟೆ ನಡೆದು ತುದಿ ಮುಟ್ಟಿ ತಲೆಯೆತ್ತಿದ. ಎದುರಿನ ಕಡಲಲ್ಲಿ ಮೂವತ್ತು ನಲವತ್ತು ದೋಣಿಗಳು ಒಂದೊಂದಾಗಿ ದೀಪ ಹೊತ್ತಿಸಿದವು. ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ. ನೀರಿನ ಮೇಲೆ ಹಗಲೇ ಎದ್ದಿತು.

ಪಕ್ಕದಲ್ಲಿ ಗಾಳ ಹಾಕಿ ಕೂತವನೊಬ್ಬ ನಕ್ಕ. ‘ಅಮಾವಾಸ್ಯೆಗೇ ತಾನೇ ಸಾರ್ ಅವರು ದೀಪ ಹಾಕೋದು? ಚಂದ್ರ ಇದ್ರೆ ಮೀನು ದೀಪಕ್ಕೆ ಬರಲ್ಲ.’

ಅತಿ ಕತ್ತಲಿನ ರಾತ್ರಿಯನ್ನು ಆರಿಸಿಕೊಂಡು ಅತಿ ಬೆಳಕಿನ ಜಾಗಕ್ಕೆ ಬಂದಿದ್ದ ಬುದ್ಧಿವಂತ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಕಡಲಿಗೂ ದೀಪವಿರುತ್ತದೆಂದು ಅವನಿಗೆ ಹೊಳೆದಿರಲೇ ಇಲ್ಲ, ಯಾಕೆಂದರೆ ಆ ದೀಪಗಳಿಗೆ ಅವನ ಇಲಾಖೆಯ ನಂಬರಿರಲಿಲ್ಲ.

ಮೂರು ದಿನ ಬಿಟ್ಟು, ಮೂವತ್ತೆಂಟು ಕಿಲೋಮೀಟರ್ ದೂರದ ಉಪ್ಪಿನ ಗದ್ದೆಗಳಲ್ಲಿ ಕೊನೆಗೂ ಸೂಜಿ ಸಿಕ್ಕಿತು. ಸೂಜಿಯೇನು, ಆಕಾಶದಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಸಿಕ್ಕಿತು. ಖುಷಿಯಲ್ಲಿ ಮರುದಿನವೇ ಕಾರು ಬಾಡಿಗೆಗೆ ಹಿಡಿದು, ಮಾವನಿಗೆ ವಿಷಯ ಹೇಳದೆ, ‘ಸುಮ್ನೆ ಒಂದು ಸುತ್ತು’ ಎಂದು ಕೂರಿಸಿಕೊಂಡು ಹೊರಟ. ಹೇಳದೆ ಕೇಳದೆ ಒಳ್ಳೆಯದು ಮಾಡುವ ಚಾಳಿ ಮನುಷ್ಯನಿಗೆ ಒಂದೇ ಪೆಟ್ಟಿಗೆ ಬಿಡುವುದಿಲ್ಲ.

ಒಂದೂಕಾಲು ಗಂಟೆಯ ದಾರಿ, ಕೊನೆಯ ಆರು ಕಿಲೋಮೀಟರ್ ರಸ್ತೆಯ ತುಂಬ ಗುಂಡಿ. ಪ್ರತಿ ಗುಂಡಿಗೂ ಮಾವ ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಎತ್ತಿ ಹಿಡಿಯುತ್ತಿದ್ದರು, ಹಲ್ಲು ಕಚ್ಚಿಕೊಂಡಿದ್ದು ಕನ್ನಡಿಯಲ್ಲಿ ಲೈಟಪ್ಪನಿಗೆ ಕಾಣುತ್ತಿತ್ತು. ಇಳಿದು ನಿಂತು ಅವರು ತುಂಬ ಹೊತ್ತು ಮೇಲೆ ನೋಡಿದರು. ಕಾವಲುಗಾರ ಬಂದು ಮುಖಕ್ಕೆ ಟಾರ್ಚ್ ಬಿಟ್ಟ, ಅವನಿಗೆ ಸಮಜಾಯಿಷಿ ಕೊಟ್ಟಿದ್ದಾಯಿತು. ಕೆಂಪು ನಕ್ಷತ್ರ ಬಂದಿರಲಿಲ್ಲ, ಬರುವ ದಿನವೂ ಅದಾಗಿರಲಿಲ್ಲ.

‘ಹೇಗಿದೆ ಮಾವ ಜಾಗ?’

‘ಭಾರಿ ಜಾಗ’ ಎಂದರು ಮಾವ. ‘ನಾಳೆಯೂ ಕರ್ಕೊಂಡ್ ಬರ್ತೀರಾ ಅಳಿಯಂದ್ರೇ?’

‘ನಾಳೆ… ನಾಳೆ ನನಗೆ ಡ್ಯೂಟಿ. ಭಾನುವಾರ ಬರೋಣ.’

‘ಅದು ಭಾನುವಾರ ನೋಡ್ಕೊಂಡು ಬರೋದಿಲ್ಲವಲ್ಲ’ ಎಂದರು ಮಾವ ಮೆಲ್ಲಗೆ. ಸಿಟ್ಟಿರಲಿಲ್ಲ ಅದರಲ್ಲಿ, ಅದೇ ಹೆಚ್ಚು ಚುಚ್ಚಿತು. ‘ದಿನಾ ನೋಡ್ಬೇಕು. ಇವತ್ತು ಇಲ್ಲ ಅಂತ ಬರೀಬೇಕು, ನಾಳೆ ಇಲ್ಲ ಅಂತ ಬರೀಬೇಕು. ಆಗಲೇ, ಬಂದಿದೆ ಅಂತ ಬರೆಯೋದಕ್ಕೆ ಬೆಲೆ. ನನಗೆ ನಡ್ಕೊಂಡು ಹೋಗೋ ಜಾಗ ಬೇಕಿತ್ತು. ಇರಲಿ ಬಿಡಿ, ಪಾಪ, ನೀವು ಕಷ್ಟಪಟ್ರಿ.’

ವಾಪಸು ಬರುವಾಗಲೂ ಅವೇ ಗುಂಡಿಗಳು. ‘ಪಾಪ’ ಎಂಬ ಆ ಒಂದು ಪದ ಲೈಟಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಆಮೇಲೆ ಚಂದ್ರ ದಿನದಿನಕ್ಕೂ ದೊಡ್ಡವನಾಗುತ್ತ ಬಂದ. ಅವನನ್ನು ಆರಿಸಲು ಯಾವ ಡಬ್ಬಿಯಲ್ಲೂ ಫ್ಯೂಸ್ ಇರಲಿಲ್ಲ. ಮಾವನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಂದು ಬೆಳಿಗ್ಗೆ ಹೆಂಡತಿ ಅಲ್ಲಿಗೆ ಕಾಫಿ ಕೊಟ್ಟು ಬಂದು, ‘ಪುಸ್ತಕ ಮೇಜಿನ ಮೇಲಿಲ್ಲ. ಟ್ರಂಕಿನೊಳಗೆ ಇಟ್ಟಿದ್ದಾರೆ’ ಎಂದಳು. ಲೈಟಪ್ಪ ಅಂದು ಕಚೇರಿಯಲ್ಲಿ ಮೂರು ಕಡತಗಳಿಗೆ ತಪ್ಪು ಜಾಗದಲ್ಲಿ ಸಹಿ ಹಾಕಿದ.

ಹುಣ್ಣಿಮೆ ಕಳೆದು, ಸಂಜೆಯ ಆಕಾಶ ಮತ್ತೆ ಕಪ್ಪಾಗತೊಡಗಿದಾಗ, ಕಚೇರಿಗೊಂದು ದೂರು ಬಂತು. ಹದಿನೆಂಟು ವರ್ಷದಲ್ಲಿ ಅಂಥ ದೂರು ಕಂಡಿರಲಿಲ್ಲ. ನಾಲ್ಕು ಸಾವಿರದ ಹನ್ನೊಂದನೇ ಕಂಬದ ದೀಪ ಜಾಸ್ತಿಯಾಯಿತಂತೆ! ದೂರು ಕೊಟ್ಟವನು ಪಂಪ್‌ಹೌಸಿನ ಆಪರೇಟರ್. ರಾತ್ರಿಪಾಳಿಯಲ್ಲಿ ಪಂಪು ನಿಂತ ಹೊತ್ತಿನಲ್ಲಿ ಒಂದು ಕೋಳಿನಿದ್ದೆ ತೆಗೆಯಲು ಕಿಟಕಿಯ ಬೆಳಕು ಬಿಡುತ್ತಿಲ್ಲವೆಂದು ಅವನು ಹೇಳಲಿಲ್ಲ, ‘ಮೀಟರ್ ಓದೋಕೆ ಕಣ್ಣು ಕುಕ್ಕುತ್ತೆ ಸಾರ್’ ಎಂದ. ‘ಅದಕ್ಕೊಂದು ಟೋಪಿ ಹಾಕ್ಸಿ, ಪುಣ್ಯ ಬರುತ್ತೆ.’

ಬೇರೆ ದಿನವಾದರೆ ಲೈಟಪ್ಪ ಯಾರನ್ನೋ ಕಳಿಸುತ್ತಿದ್ದ. ಅಂದು ಆ ಕಂಬದ ಮೇಲಿನ ಸಿಟ್ಟಿಗೇ ಎಂಬಂತೆ, ಹಳೇ ಸ್ವಿಚ್ ಡಬ್ಬಿಯ ತಗಡೊಂದನ್ನು ಕತ್ತರಿಸಿಕೊಂಡು ತಾನೇ ಹೊರಟ. ಏಣಿ ಗಾಡಿಯ ಡ್ರೈವರ್ ನಿವೃತ್ತಿಗೆ ಆರು ತಿಂಗಳಿದ್ದ ನಿಧಾನಸ್ಥ. ಕತ್ತಲಾಗುವ ಹೊತ್ತಿಗೆ ಏಣಿಯ ತುದಿಯ ತೊಟ್ಟಿಯಲ್ಲಿ ಲೈಟಪ್ಪನನ್ನು ನಿಲ್ಲಿಸಿ ಮೇಲೆತ್ತಿದ. ದೀಪಕ್ಕಿಂತ ಎರಡಡಿ ಮೇಲೆ ನಿಂತು ಲೈಟಪ್ಪ ತಗಡನ್ನು ದೀಪದ ಹಿಂಬದಿಗೆ ಅಡ್ಡ ಹಿಡಿದು ಬಿಗಿಸಿದ. ಪಂಪ್‌ಹೌಸಿನ ಕಿಟಕಿ ಕಪ್ಪಾಯಿತು. ಮುಖ ಮೇಲಾಗಿದ್ದ ದೀಪವನ್ನು ತಿರುಗಿಸಿ ನೆಲಕ್ಕೆ ನೇರ ಮಾಡಿದ. ಆಗ ಪಂಪ್‌ಹೌಸಿನ ತಾರಸಿಯೂ, ಅದರ ಸುತ್ತಲಿನ ಮೋಟುಗೋಡೆಯೂ ಬೆಳಕಿನಿಂದ ಜಾರಿ ಒಂದೇ ಏಟಿಗೆ ಮಾಯವಾದವು. ಕೆಳಗೆ ಬಲೆ ಹೆಣೆಯುವವರ ಕೈಬೆರಳುಗಳು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು. ಮೇಲೆ, ಕಂಬಕ್ಕಿಂತ ಎಂಟಡಿ ಎತ್ತರದ ತಾರಸಿ, ಕಡುಕಪ್ಪು.

ಲೈಟಪ್ಪ ಸ್ಪಾನರ್ ಇಳಿಸಿ ಆ ಕಪ್ಪನ್ನೇ ನೋಡಿದ. ಇಷ್ಟು ವರ್ಷ ಅವನು ಪ್ರತಿಯೊಂದು ದೀಪವನ್ನೂ ಕೆಳಗಿನಿಂದಲೇ ಪರೀಕ್ಷಿಸಿದ್ದ. ಮೇಲೆ ಹತ್ತಿದಾಗಲೂ ಕಣ್ಣು ಕೆಳಗಿನ ರಸ್ತೆಯ ಮೇಲೆಯೇ.

‘ತಾರಸಿ ಕಡೆ ತಿರುಗಿಸಿ ಇನ್ನೂ ಮೇಲೆತ್ತು’ ಎಂದು ಕೂಗಿದ. ತೊಟ್ಟಿಯಿಂದ ಮೋಟುಗೋಡೆ ದಾಟಿ ತಾರಸಿಗೆ ಇಳಿದು, ಬೆನ್ನು ಕೆಳಗೆ ಮಾಡಿ ಮಲಗಿಬಿಟ್ಟ.

‘ಸಾರ್! ಏನಾಯ್ತು ಸಾರ್? ಶಾಕ್ ಹೊಡೀತಾ?’ ಕೆಳಗಿನಿಂದ ಡ್ರೈವರ್ ಗಾಬರಿ.

‘ಸುಮ್ನಿರು ಮಾರಾಯ! ಹತ್ತು ನಿಮಿಷ!’

ಹತ್ತು ನಿಮಿಷ ಕಳೆಯಲು ಅವನಿಗೆ ಹತ್ತು ವರ್ಷ ಹಿಡಿಯಿತು. ಮೊದಲು ಚಮಚ ಕಂಡಿತು. ಆಮೇಲೆ ಗುಂಡಿ. ಕೊನೆಗೆ, ನೇರ ನೋಡಿದರೆ ಅಡಗಿ, ಒಂಚೂರು ಪಕ್ಕಕ್ಕೆ ನೋಡಿದರೆ ಇಣುಕುತ್ತ, ಸೂಜಿ. ಮೂವತ್ತೆಂಟು ಕಿಲೋಮೀಟರ್ ಅಲೆದವನಿಗೆ ಬೇಕಿದ್ದದ್ದು ಮೂವತ್ತು ಅಡಿ. ಲೈಟಪ್ಪ ಮಲಗಿದಲ್ಲೇ ಗಹಗಹಿಸಿ ನಕ್ಕ, ಡ್ರೈವರ್ ನಿಜವಾಗಿಯೂ ಹೆದರಿದ.

ಈ ಸಲ ಅವನು ಮೊದಲು ಕೇಳಿದ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಮಾವನ ಕೋಣೆಯ ಬಾಗಿಲಲ್ಲಿ ನಿಂತು, ‘ಮಾವ, ಪಂಪ್‌ಹೌಸಿನ ತಾರಸಿ ಇದೆ. ನಾನು ಸೂಜಿ ನೋಡಿದ್ದೀನಿ. ನಿಮಗೆ ಬೇಕಾದ್ರೆ ಮಾತ್ರ’ ಎಂದ.

ಮಾವ ತಟ್ಟನೆ ತಲೆಯೆತ್ತಿದರು. ‘ಸೂಜಿ ಅಂತ ನಿಮಗ್ಯಾರು ಹೇಳಿದ್ರು?’

‘ಅತ್ತೆಯ ಚಿತ್ರ ಕದ್ದೆ.’

ಮಾವ ಎದ್ದರು. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ತಾರಸಿಗೆ ನಲವತ್ತೊಂದು ಮೆಟ್ಟಿಲು, ಒಂದು ಕಡೆ ಹಿಡಿಕೆಯೇ ಇಲ್ಲ. ಆಪರೇಟರ್ ಬೀಗದ ಕೈಯನ್ನು ಖುಷಿಯಿಂದಲೇ ಕೊಟ್ಟ, ಅವನಿಗೆ ನಿದ್ದೆ ವಾಪಸು ಸಿಕ್ಕಿತ್ತು. ಮಾವ ಅಳಿಯನ ತೋಳು ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಮೊದಲ ದಿನ ಮೋಡ. ಎರಡನೇ ದಿನ ನೋಡಿ, ‘ಇಲ್ಲ’ ಎಂದಷ್ಟೇ ಹೇಳಿ, ಮನೆಗೆ ಬಂದು ಬರೆದರು. ಮೂರನೇ ದಿನ ಮತ್ತೆ ಮೋಡ. ಲೈಟಪ್ಪ ಪ್ರತಿದಿನ ಪಕ್ಕದಲ್ಲಿ ಕೂತು ಚಡಪಡಿಸುತ್ತಿದ್ದ. ಮೊಬೈಲ್ ತೆಗೆಯುವ ಹಾಗಿಲ್ಲ, ಬೀಡಿ ಹಚ್ಚುವ ಹಾಗಿಲ್ಲ. ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಬೇಕಂತೆ, ಒಂದು ಸಲ ಬೆಳಕು ಕಂಡರೆ ಲೆಕ್ಕ ಮತ್ತೆ ಮೊದಲಿನಿಂದ. ಕೆಲಸವಿಲ್ಲದ ಇಪ್ಪತ್ತು ನಿಮಿಷ ಅವನ ಜೀವಮಾನದಲ್ಲೇ ಬಂದಿರಲಿಲ್ಲ. ಮುಳ್ಳಿನ ಮೇಲೆ ಕೂತವನಂತೆ ಕೂತಿದ್ದ.

ನಾಲ್ಕನೇ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಬ್ಬರೂ ಕೂತರು. ಕೆಳಗೆ ಹೆಂಗಸರು ಮಾತಾಡುತ್ತ ಹಾದುಹೋದ ಸದ್ದು, ಅಲೆಯ ಸದ್ದು. ಇಪ್ಪತ್ತು ನಿಮಿಷವಾದ ಮೇಲೆ ಮಾವ ಜೇಬಿನಿಂದ ಏನೋ ತೆಗೆದರು. ಲೈಟಪ್ಪನ ಕೈಗೆ ಒಂದು ಚೀಟಿಯೂ ಮೊಂಡು ಪೆನ್ಸಿಲೂ ಬಂದು ಬಿದ್ದವು.

‘ನೋಡಿ. ಕಂಡದ್ದು ಬರೀರಿ. ನನಗೆ ತೋರಿಸ್ಬೇಡಿ. ಮಡಚಿ ಇಟ್ಕೊಳ್ಳಿ.’

‘ನಾನಾ? ಮಾವ, ನನಗೇನು ಗೊತ್ತಾಗುತ್ತೆ…’

‘ಕಾಣದಿದ್ರೆ ಕಾಣಲ್ಲ ಅಂತ ಬರೀರಿ. ಸುಳ್ಳು ಮಾತ್ರ ಬೇಡ.’

ಲೈಟಪ್ಪ ಅತ್ತೆಯ ಚಿತ್ರದ ಖಾಲಿ ಸೊನ್ನೆಯನ್ನು ನೆನಪಿಸಿಕೊಂಡು ಅಲ್ಲಿಗೆ ಕಣ್ಣು ನೆಟ್ಟ. ಇಷ್ಟು ದಿನ ಊರೂರು ಅಲೆದು ನೋಡಿ ನೋಡಿ ಆ ಜಾಗ ಅವನಿಗೆ ಅಂಗೈಯಷ್ಟು ಪರಿಚಯವಾಗಿತ್ತು. ಗುಂಡಿ ಇತ್ತು. ಸೂಜಿ ಇತ್ತು. ಅವೆರಡರ ನಡುವೆ ಎಂದೂ ಏನೂ ಇರದಿದ್ದಲ್ಲಿ… ಅವನು ಕಣ್ಣುಜ್ಜಿಕೊಂಡ. ಪಕ್ಕಕ್ಕೆ ನೋಡಿ ಮತ್ತೆ ನೋಡಿದ. ಕತ್ತಲಲ್ಲೇ ಅಂದಾಜಿನ ಮೇಲೆ ಗೀಚಿ, ಮಡಚಿ, ಮುಷ್ಟಿಯಲ್ಲಿ ಹಿಡಿದುಕೊಂಡ. ಪಕ್ಕದಲ್ಲಿ ಮಾವ ಇನ್ನೂ ನೋಡುತ್ತಲೇ ಇದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಬರೆದ ಸದ್ದು.

ಮಾವ ಕಣ್ಣು ಕುಕ್ಕದಂತೆ ಕೆಂಪು ಕಾಗದ ಸುತ್ತಿದ ಪುಟ್ಟ ಟಾರ್ಚ್ ಹಚ್ಚಿ ಮೊದಲು ತಮ್ಮ ಚೀಟಿ ಬಿಚ್ಚಿದರು. ‘ಇಲ್ಲ’ ಎಂದಿತ್ತು. ಲೈಟಪ್ಪನ ಚೀಟಿ ಬಿಚ್ಚಿದರು. ಒಂದರ ಮೇಲೊಂದು ಹತ್ತಿದ ಅಕ್ಷರದಲ್ಲಿ ಹೀಗಿತ್ತು: ‘ಇದೆ. ಗುಂಡಿಗಿಂತ ತುಂಬ ಕಡಿಮೆ. ಸೂಜಿಗಿಂತ ಒಂದು ಕೂದಲು ಹೆಚ್ಚು.’

ಮಾವ ಟಾರ್ಚ್ ಆರಿಸಿದರು. ಲೈಟಪ್ಪನಿಗೆ ಬೆವರು ಕಿತ್ತುಬಂತು. ಎಂಥ ಎಡವಟ್ಟಾಯಿತೋ, ಯಾವ ಚುಕ್ಕೆಯನ್ನು ಕಂಡು ಏನು ಬರೆದೆನೋ, ಮುದುಕರನ್ನು ಖುಷಿಪಡಿಸಲು ಬರೆದೆನೆಂದು ತಿಳಿದರೆ? ಮಾವ ಚೀಲದಿಂದ ದುರ್ಬೀನು ತೆಗೆದು ಎಡಗೈಯಲ್ಲಿ ಎತ್ತಿ ಹಿಡಿದರು. ಒಂದೇ ಕೈಯಲ್ಲಿ ಅದು ನಿಲ್ಲಲಿಲ್ಲ. ಲೈಟಪ್ಪ ಕೈಚಾಚಿ ಅವರ ಮೊಣಕೈಗೆ ಆಸರೆ ಕೊಟ್ಟ. ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

‘ಬಂದಿದೆ’ ಎಂದರು ಮಾವ.

ದುರ್ಬೀನು ಇಳಿಸಿದರು. ‘ಸೂಜಿಗಿಂತ ಒಂದು ಕೂದಲು ಹೆಚ್ಚು. ಸರಿಯಾಗಿದೆ. ನನ್ನ ಬರಿಗಣ್ಣಿಗೆ ಸೂಜಿಯೇ ಕಾಣ್ತಿಲ್ಲ.’

 ಮಾವ ಮತ್ತೆ ಟಾರ್ಚ್ ಹಚ್ಚಿ, ಪುಸ್ತಕ ತೆರೆದು ಮೊಣಕಾಲ ಮೇಲಿಟ್ಟುಕೊಂಡರು. ಆರು ವಾರ ಸುಮ್ಮನಿದ್ದ ಬಲಗೈ ಬೆರಳುಗಳು ಪೆನ್ಸಿಲ್ ಹಿಡಿಯಲು ತಡವರಿಸಿದವು. ತಾರೀಕು ಬರೆದರು. ಎಡಗಡೆಯ ಕಾಲಂನಲ್ಲಿ ‘ಇಲ್ಲ’ ಎಂದು ಬರೆದರು, ದುರ್ಬೀನಿನ ಸಾಕ್ಷಿಯಿಂದ ಅದನ್ನು ತಿದ್ದಲಿಲ್ಲ. ಆಮೇಲೆ ಪೆನ್ಸಿಲ್ ಗೆರೆ ದಾಟಿ ಬಲಕ್ಕೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಮೂರು ಬರವುಗಳಿಂದ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವರು ಅಳಿಯನ ಚೀಟಿಯ ಮಾತನ್ನು ಒಂದಕ್ಷರ ಬಿಡದೆ ಇಳಿಸಿದರು.

‘ಅವಳಿಗೂ ಯಾವಾಗ್ಲೂ ನನಗಿಂತ ನಾಲ್ಕೈದು ದಿನ ಮೊದಲೇ ಕಾಣ್ತಿತ್ತು’ ಎಂದರು. ‘ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ಮೊದಲು ನೋಡಿಲ್ಲ. ಅವಳು ಹೋದ್ಮೇಲೆ ಮೂರು ಸಲವೂ ತಡವಾಗಿ ಬರೆದಿದ್ದೀನಿ ಅಂತ ನನಗೆ ಗೊತ್ತಿತ್ತು. ಯಾರಿಗೆ ಹೇಳ್ಲಿ?’

ಕೆಳಗೆ ನಾಲ್ಕು ಸಾವಿರದ ಹನ್ನೊಂದನೇ ಕಂಬ ತನ್ನ ಪಾಡಿಗೆ ತಾನು ನೆಲಕ್ಕೆ ಬೆಳಕು ಸುರಿಯುತ್ತಿತ್ತು. ಲೈಟಪ್ಪ ಮೇಲೆ ನೋಡಿದ. ಅದು ಅಲ್ಲೇ ಇತ್ತು, ಇಷ್ಟೇ ಇಷ್ಟು, ಕೆಂಪಗೆ. ಅವನ ಕಣ್ಣಿನಲ್ಲಿ ನೀರು ಬಂದು ಅದೂ ಮಸುಕಾಯಿತು. ಮೂಗು ಒರೆಸಿಕೊಂಡ.

‘ನಾಳೆಯೂ ಬರೋಣ್ವಾ ಮಾವ?’

‘ಬಾ’ ಎಂದರು ಮಾವ, ಪುಸ್ತಕ ಮುಚ್ಚಿ ಅವನ ತೋಳಿಗೆ ಕೈ ಹಾಕುತ್ತ. ‘ಆದ್ರೆ ಕಾಲು ಅಲ್ಲಾಡಿಸ್ಬೇಡ. ತಾರಸಿಯೆಲ್ಲ ನಡುಗುತ್ತೆ.’